ಒಳಗುರುತು

ಕಳೆದುಹೋದ ವಸ್ತುಗಳ ಕಚೇರಿ ಎಂದರೆ ಬಸ್ ನಿಲ್ದಾಣದ ಹಿಂಬದಿಯ ಒಂದು ಉದ್ದನೆಯ ಕೋಣೆ, ಅದಕ್ಕೊಂದು ಕಿಟಕಿ. ಒಳಗೆ ಛತ್ರಿಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತವೆ. ಒಂಟಿ ಚಪ್ಪಲಿ, ಒಂಟಿ ಕಿವಿಯೋಲೆ, ಒಂದು ಊರುಗೋಲು (ಅದನ್ನು ಮರೆತವರು ಹೇಗೆ ನಡೆದುಹೋದರೋ), ಗಾಜಿನ ಲೋಟದಲ್ಲಿ ತನ್ನಷ್ಟಕ್ಕೆ ನಗುತ್ತಾ ಕೂತ ಯಾರದೋ ಹಲ್ಲಿನ ಸೆಟ್ಟು. ಹದಿನಾಲ್ಕು ವರ್ಷಗಳಿಂದ ಆ ಕಿಟಕಿಯ ಈಚೆ ಕೂತವಳನ್ನು ಬಸ್ಸಿನವರು, ಪ್ರಯಾಣಿಕರು, ಕಸ ಗುಡಿಸುವವರು ಎಲ್ಲರೂ ಕಿಟಕಿಯಮ್ಮ ಎಂದೇ ಕರೆಯುತ್ತಿದ್ದರು.

ಅವಳಿಗೆ ಆ ಕೆಲಸ ಕಲಿಸಿದವರು ಹಿರಿಯ ಗುಮಾಸ್ತರು. ಕಂಡದ್ದಕ್ಕೆಲ್ಲ ಮೊಹರು ಒತ್ತುವ ಚಟವಿದ್ದುದರಿಂದ ಅವರ ಹೆಸರು ಸೀಲುಮಾಮ ಎಂದಾಗಿತ್ತು. ಸೇರಿದ ಮೊದಲ ದಿನವೇ ಅವರು ಎರಡು ಪುಸ್ತಕ ತೋರಿಸಿದ್ದರು. ಒಂದರಲ್ಲಿ ಬರೆದದ್ದು ಹೊರಗಿನ ಬೋರ್ಡಿಗೆ ಹೋಗುತ್ತದೆ: ಕಪ್ಪು ಛತ್ರಿ, ಇಂಥ ಬಸ್ಸು, ಇಂಥ ದಿನ. ಇನ್ನೊಂದರಲ್ಲಿ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ. ಹಿಡಿಯ ಒಳಮೈಯಲ್ಲಿ ಒಂದು ಸೀಳು, ಪರ್ಸಿನ ಮಡಿಕೆಯಲ್ಲಿ ಒಣಗಿದ ಎಲೆ, ಹೀಗೆ ಒಂದೇ ಒಂದು ಗುರುತು. ಅದಕ್ಕೆ ಕಚೇರಿಯಲ್ಲಿ ಒಳಗುರುತು ಎನ್ನುತ್ತಿದ್ದರು.

“ಎಲ್ಲಾ ಗುರುತೂ ಬೋರ್ಡಿಗೆ ಹಾಕಿಬಿಟ್ರೆ ಅದು ಊರೋರ ಛತ್ರಿ ಆಗುತ್ತೆ ಕಣಮ್ಮ,” ಎಂದಿದ್ದರು ಸೀಲುಮಾಮ. “ಒಂದನ್ನ ನುಂಗ್ಕೋ. ಬಂದೋರ ಬಾಯಿಂದ ಅದು ಬರಲಿ. ಬಂದ್ರೆ ಕೊಡು, ಇಲ್ದಿದ್ರೆ ನಗುನಗ್ತಾ ಕಳಿಸು.”

ಹದಿನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಒಂದೇ ಒಂದು ಛತ್ರಿಯ ಒಳಗುರುತೂ ಜಾರಿರಲಿಲ್ಲ.

ಆ ಮಂಗಳವಾರ ಬೆಳಗ್ಗೆ ಅವಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಿದ್ದಾಗ ಮಗಳು ಕಾಗದ ಹಿಡಿದು ಅಡ್ಡ ನಿಂತಳು. ಹದಿಮೂರು ವರ್ಷದ ಹುಡುಗಿ. ನಿಂತಲ್ಲಿ ನಿಲ್ಲದ್ದಕ್ಕೆ ಮನೆಯಲ್ಲಿ ಗಿರಗಿಟ್ಲೆ.

“ಅಮ್ಮಾ, ಇದಕ್ಕೊಂದು ಸೈನ್ ಗೀಚು.”

“ಏನೇ ಇದು?”

“ನೆಟ್ಟಲ್ಲಿ ಹುಷಾರಾಗಿರಿ ಅಂತ ಶಾಲೇಲಿ ಭಾಷಣ ಇತ್ತು. ಅಪ್ಪ ಅಮ್ಮನೂ ಓದಿದೀವಿ ಅಂತ ಬರ್ಕೊಡ್ಬೇಕಂತೆ. ಎರಡು ಪೀರಿಯಡ್ಡು, ಪಾಸ್‌ವರ್ಡ್ ಕೊಡಬೇಡಿ, ಕೊಡಬೇಡಿ, ಕೊಡಬೇಡಿ. ಗಿಣಿ ಕೂತಿದ್ರೂ ಕಲ್ತುಬಿಡ್ತಿತ್ತು.”

“ನೀನು ಯಾರಿಗೂ ಕೊಟ್ಟಿಲ್ಲ ತಾನೆ?”

“ನನ್ನ ಪಾಸ್‌ವರ್ಡ್ ನಂಗೇ ನೆನಪಿರಲ್ಲ, ಇನ್ಯಾರಿಗೆ ಕೊಡ್ಲಿ?”

ಅಪ್ಪ ಸರಕು ಲಾರಿಯ ಮೇಲೆ ದೂರದಲ್ಲಿದ್ದ. ತಿಂಗಳಿಗೆ ಒಂದು ವಾರ ಮನೆಯಲ್ಲಿದ್ದರೆ ಹೆಚ್ಚು. ಅವಳೇ ಕಾಗದವನ್ನು ಗೋಡೆಗಿಟ್ಟು, ಓದದೆ, ಗೀಚಿ ಕೊಟ್ಟಳು. ಬಸ್ಸಿಗೆ ತಡವಾಗಿತ್ತು.

ಹನ್ನೊಂದರ ಹೊತ್ತಿಗೆ ಬೆಳಗಿನ ಬಸ್ಸುಗಳ ಗೋಣಿಚೀಲ ಬಂತು. ಬಸ್ಸುಗಳಲ್ಲಿ ಸಿಕ್ಕಿದ್ದನ್ನೆಲ್ಲ ಅದರಲ್ಲಿ ತುಂಬಿ ಬಾಯಿ ಕಟ್ಟಿ ಕಳಿಸುತ್ತಾರೆ. ಇಬ್ಬರ ಎದುರಲ್ಲೇ ಬಿಚ್ಚಬೇಕೆಂಬುದು ನಿಯಮ. ಸೀಲುಮಾಮ ಒಳಗೆ ಕಡತದಲ್ಲಿ ಮುಳುಗಿದ್ದರು. ಅವಳು ಚೀಲವನ್ನು ಕಾಲ ಬಳಿ ಎಳೆದುಕೊಂಡು ತಲೆಯೆತ್ತಿದರೆ, ಕಿಟಕಿಯ ಆಚೆ ಒಬ್ಬ ಹೆಂಗಸು ನಿಂತಿದ್ದಳು.

ಅಚ್ಚುಕಟ್ಟಾದ ಹೆಂಗಸು. ನಲವತ್ತರ ಆಸುಪಾಸು, ಬಾಚಿ ಕಟ್ಟಿದ ತಲೆ, ಎಲ್ಲೋ ನೋಡಿದ್ದೇನೆ ಅನ್ನಿಸುವ ಮುಖ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ಸೀಟು ಹಿಡಿದಿಡಿ ಎಂದು ಧೈರ್ಯವಾಗಿ ಹೇಳಿ ಇಳಿಯಬಹುದಾದಂಥವಳು.

“ನನ್ನ ಮಗಳ ಬ್ಯಾಗು ಮೇಡಂ. ಒಂಬತ್ತನೇ ನಂಬರ್ ಬಸ್ಸಲ್ಲಿ ಬಿಟ್ಟು ಇಳಿದಿದ್ದಾಳೆ. ಎಲ್ಲಿ ನೋಡ್ತಿರ್ತಾಳೋ, ಯಾವಾಗ್ಲೂ ಫೋನು.”

“ಎಲ್ಲಾರ ಮನೇಲೂ ಅದೇ ಬಿಡಿ,” ಎಂದು ಕಿಟಕಿಯಮ್ಮ ಪೆನ್ನು ತೆಗೆದಳು. “ಯಾವ ಬಣ್ಣ?”

“ನೀಲಿ. ಎಡಗಡೆ ಪಟ್ಟಿ ಕಿತ್ತುಹೋಗಿತ್ತು, ಹಸಿರು ದಾರದಲ್ಲಿ ಹೊಲಿದಿದ್ದೀನಿ. ಕಪ್ಪು ದಾರ ಮುಗಿದಿತ್ತು ನೋಡಿ!” ಹೆಂಗಸು ನಕ್ಕಳು.

ಕಿಟಕಿಯಮ್ಮನೂ ನಗುತ್ತಾ ‘ಹಸಿರು ದಾರ’ ಎಂದು ಬರೆದಳು. ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಭಾನುವಾರ ಮಗಳ ಬ್ಯಾಗು ಹೊಲಿಯುವಾಗ ಸೂಜಿ ಚುಚ್ಚಿದ ಹೆಬ್ಬೆರಳು ಪೆನ್ನಿನ ಮೇಲೇ ಇತ್ತು. ಚುಕ್ಕೆ ಇನ್ನೂ ಕೆಂಪಗಿತ್ತು.

ಊರಲ್ಲಿ ನೀಲಿ ಬ್ಯಾಗು ಎಷ್ಟಿಲ್ಲ, ಹಸಿರು ದಾರ ಎಷ್ಟಿಲ್ಲ ಎಂದುಕೊಂಡಳು. “ಒಳಗೆ ಏನೇನಿದೆ?”

“ಜಾಮಿಟ್ರಿ ಡಬ್ಬ, ಮೇಲೆ ಬೆಕ್ಕಿನ ಚಿತ್ರ. ಬೆಕ್ಕಿನ ಒಂದು ಕಣ್ಣು ಕೆರೆದುಹೋಗಿದೆ. ಊಟದ ಡಬ್ಬ. ಅದ್ರಲ್ಲಿ ಕಡಲೆಕಾಯಿ ಇರಲ್ಲ, ಅವಳಿಗೆ ಆಗಲ್ಲ, ತುಟಿ ಊದ್ಕೊಳ್ಳುತ್ತೆ. ಗಣಿತದ ನೋಟ್‌ಬುಕ್ಕಿನ ಒಂದು ಹಾಳೆ ಹರಿದಿದೆ. ಪಾಪ, ಅವಳೇ ಹರಿದಿದ್ದು. ಹನ್ನೊಂದು ಮಾರ್ಕು ಬಂದಿತ್ತು. ಅಮ್ಮನಿಗೆ ತೋರಿಸೋಕೆ ಭಯ ಅಂತ...” ಹೆಂಗಸು ಒಂದು ಗಳಿಗೆ ತಡೆದು, ಅದೇ ನಗೆಯಲ್ಲಿ ತಿದ್ದಿಕೊಂಡಳು. “ನನಗೆ ತೋರಿಸೋಕೆ ಭಯ ಅಂತ.”

ಹನ್ನೊಂದು ಮಾರ್ಕಿನ ಸಂಗತಿ ಕಿಟಕಿಯಮ್ಮನಿಗೆ ಗೊತ್ತಿರಲಿಲ್ಲ. ಕೆಳಗೆ ಕಾಲಿಗೆ ಗೋಣಿಚೀಲ ತಾಗುತ್ತಿತ್ತು. ಒಳಗಿನ ಯಾವುದೋ ಡಬ್ಬದ ಅಂಚು ಅವಳ ಮೀನಖಂಡವನ್ನು ಒತ್ತುತ್ತಿತ್ತು. ಚೀಲ ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ.

“ಮಗಳ ಹೆಸರು?”

ಹೆಂಗಸು ಹೇಳಿದಳು. ಇನಿಷಿಯಲ್ ಸಮೇತ ಹೇಳಿದಳು. ಹುಟ್ಟಿದ ದಿನ, ತರಗತಿ, ಕೇಳದಿದ್ದರೂ ಹೇಳಿದಳು. ಕೊನೆಗೆ ಕಿಟಕಿಯ ಕಂಬಿಗೆ ಮುಖ ತಂದು, ಗುಟ್ಟು ಹೇಳುವವಳ ಹಾಗೆ, “ಮನೇಲಿ ಗಿರಗಿಟ್ಲೆ ಅಂತೀವಿ,” ಎಂದಳು.

ಹಿಂದೆ ಸಾಲಾಗಿ ನೇತಾಡುತ್ತಿದ್ದ ಛತ್ರಿಗಳಲ್ಲಿ ಒಂದು ಗಾಳಿಯಿಲ್ಲದೆ ಅಲ್ಲಾಡಿದಂತಾಯಿತು. ಎದುರು ನಿಂತವಳು ಸುಳ್ಳು ಹೇಳುವವಳ ಹಾಗೆ ಇರಲಿಲ್ಲ, ಅದೇ ಭಯ. ಆ ಹುಡುಗಿಯನ್ನು ಹೊತ್ತು ಹೆತ್ತವಳ ಹಾಗೆ, ಇವಳಿಗಿಂತ ಚೆನ್ನಾಗಿ ನೋಡಿಕೊಂಡವಳ ಹಾಗೆ ಇದ್ದಳು. ಹಾಗಾದರೆ ನಾನು ಯಾರು ಎಂದು ಒಂದು ನಿಮಿಷ ಕಿಟಕಿಯಮ್ಮನಿಗೇ ಗಲಿಬಿಲಿಯಾಯಿತು.

“ಬೇಗ ಕೊಟ್ರೆ ಉಪಕಾರ ಆಗ್ತಿತ್ತು,” ಎಂದಳು ಹೆಂಗಸು. “ಮುಂದಿನ ಜೇಬಲ್ಲಿ ಮನೆ ಕೀ ಇದೆ. ಮೂರೂವರೆಗೆ ಮಗು ಒಂದೇ ಮನೆಗೆ ಬರುತ್ತೆ.”

ಆ ಮಾತಿಗೆ ಕಿಟಕಿಯಮ್ಮ ಎಚ್ಚೆತ್ತಳು. ಹದಿನಾಲ್ಕು ವರ್ಷದ ಅಭ್ಯಾಸ ಅವಳ ಕೈಹಿಡಿಯಿತು. ಫಾರಂ ಎಳೆದುಕೊಂಡು, ದಿನಕ್ಕೆ ಇಪ್ಪತ್ತು ಸಲ ಕೇಳುವ ಬೇಸರದ ದನಿಯಲ್ಲೇ, ಕೊನೆಯ ಸಾಲಿನ ಪ್ರಶ್ನೆ ಕೇಳಿದಳು. “ನಿಮ್ಮ ಉದ್ಯೋಗ?”

“ವಿಮಾನ ನಿಲ್ದಾಣದಲ್ಲಿ ಅಧಿಕಾರಿ,” ಎಂದಳು ಹೆಂಗಸು, ರೆಪ್ಪೆ ಮಿಟುಕಿಸದೆ.

ಎದೆಯೊಳಗೆ ಏನೋ ಚುಚ್ಚಿತು. ಅದು ಭಯವಲ್ಲ. ಅದನ್ನು ಇವಳಿಗೆ ಹೇಳಿದ್ದು ಯಾರೆಂದು ಕಿಟಕಿಯಮ್ಮನಿಗೆ ತಕ್ಷಣ ಗೊತ್ತಾಯಿತು. ಕಳೆದುಹೋದ ಛತ್ರಿ ಕಾಯುವ ಅಮ್ಮನ ಬದಲು ಹುಡುಗಿ ತನಗೊಂದು ಚಂದದ ಅಮ್ಮನನ್ನು ಮಾಡಿಕೊಂಡಿದ್ದಳು. ಆ ನೋವಿನ ಬೆನ್ನಿಗೇ ಇನ್ನೊಂದು ಹೊಳೆಯಿತು. ಈ ಹೆಂಗಸಿಗೆ ಎಲ್ಲವೂ ಗೊತ್ತು, ನಾನು ಮಾತ್ರ ಗೊತ್ತಿಲ್ಲ. ನಾಚಿಕೆಯಿಂದ ಮಗಳು ಯಾರಿಗೂ ಹೇಳದೆ ನುಂಗಿಕೊಂಡದ್ದು ಇದೊಂದೇ.

“ಇದನ್ನ ಭರ್ತಿ ಮಾಡ್ತಿರಿ. ಮೇಲಿನವರ ಸೀಲು ಬೇಕು,” ಎಂದು ಗೋಣಿಚೀಲವನ್ನು ಕಾಲಲ್ಲೇ ಒಳಕ್ಕೆ ತಳ್ಳುತ್ತಾ ಎದ್ದಳು.

ಸೀಲುಮಾಮನ ಕಿವಿಯಲ್ಲಿ ಎರಡೇ ಮಾತು ಹೇಳಿದಳು. ಅವರು ಮೊಹರು ಕೈಯಲ್ಲಿ ಹಿಡಿದೇ ಕಾವಲುಗಾರನನ್ನು ಕೂಗಿಕೊಂಡು ಹೊರಗೆ ಬಂದರು. ಕಿಟಕಿಯ ಆಚೆ ಯಾರೂ ಇರಲಿಲ್ಲ. ಕಾವಲುಗಾರ ಹೊರಗೆ ಓಡಿದ. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅಂಥ ಅಚ್ಚುಕಟ್ಟಾದ ಹೆಂಗಸರು ಅಲ್ಲಿ ಐವತ್ತು ಜನ ಇದ್ದರು.

ಫಾರಂ ಕಟ್ಟೆಯ ಮೇಲಿತ್ತು, ಹಾರದಂತೆ ಮೇಲೆ ಪೆನ್ನು. ಪೆನ್ನಿಗೆ ಮುಚ್ಚಳ ಹಾಕಿತ್ತು. ಅಕ್ಷರ ದುಂಡಗಿತ್ತು. ವಿಳಾಸ ಸರಿಯಾಗಿತ್ತು, ಮಹಡಿಯೂ ಸರಿಯಾಗಿತ್ತು. ಸಂಬಂಧ ಎಂಬಲ್ಲಿ ‘ತಾಯಿ’. ಉದ್ಯೋಗದ ಸಾಲಿನಲ್ಲಿ ‘ವಿಮಾನ ನಿಲ್ದಾಣ’ ಎಂದು ಬರೆದು, ಅದರ ಮೇಲೆ ನೇರವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಕಳೆದುಹೋದ ವಸ್ತುಗಳ ಕಚೇರಿ’ ಎಂದು ತಿದ್ದಿತ್ತು.

ಸೀಲುಮಾಮ ಅದನ್ನು ಎರಡು ಸಲ ಓದಿದರು. “ನಿನ್ನ ಮುಖದಲ್ಲೇ ಓದ್ಕೊಂಡುಬಿಟ್ಲಲ್ಲಮ್ಮ,” ಎಂದರು. ಜೀವನದಲ್ಲಿ ಮೊದಲ ಸಲ ಅವರು ಒಂದು ಕಾಗದಕ್ಕೆ ಮೊಹರು ಒತ್ತಲಿಲ್ಲ. ಅದನ್ನು ತುದಿಯಲ್ಲಿ ಹಿಡಿದು ಲಕೋಟೆಗೆ ಹಾಕಿ, ಪೊಲೀಸರಿಗೆ ಫೋನ್ ಹಚ್ಚಿದರು.

ಅವಳು ಶಾಲೆಗೆ ಫೋನ್ ಹಚ್ಚಿದಳು. ಶಾಲೆಯ ಗುಮಾಸ್ತೆ ಎತ್ತಿಕೊಂಡು, “ಮತ್ತೆ ಏನಾಯ್ತು? ಹತ್ತು ಗಂಟೆಗೆ ನೀವೇ ಮಾಡಿದ್ರಲ್ಲ,” ಎಂದಳು. “ಮೂರು ಗಂಟೆಗೆ ಬಂದು ಕರ್ಕೊಂಡು ಹೋಗ್ತೀನಿ, ಕಳಿಸಿಕೊಡಿ ಅಂತ. ಬರ್ಕೊಂಡಿದ್ದೀನಿ.”

ಅವಳು ಓಡಿದಳು. ಆಟೋ ಹತ್ತಿದ್ದು ನೆನಪಿಲ್ಲ, ಇಳಿದದ್ದು ನೆನಪಿಲ್ಲ. ಶಾಲೆಯ ಗೇಟಿನ ಕಿಟಕಿಯಲ್ಲಿ ಈಗ ಅವಳು ಆಚೆ ಕಡೆ.

“ತಾಯಿ ಅಂತೀರಿ, ಸರಿ. ಮಗಳು ಯಾವ ಸೆಕ್ಷನ್ನು?”

“ಬಿ.”

“ಬಿ ಹೋದ ವರ್ಷ. ಈಗ ಸಿ. ಕ್ಲಾಸ್ ಟೀಚರ್ ಯಾರು?”

ಹೆಸರು ತುದಿನಾಲಿಗೆಗೂ ಬರಲಿಲ್ಲ. ಪೋಷಕರ ಸಭೆಗೆ ಹೋಗಿ ಎರಡು ವರ್ಷವಾಗಿತ್ತು. ಸಭೆ ಯಾವಾಗಲೂ ಕೆಲಸದ ದಿನವೇ ಇರುತ್ತಿತ್ತು.

“ಫೋನಲ್ಲಿ ಮಾತಾಡಿದವರು ಎಲ್ಲಾ ಪಟಪಟ ಅಂತ ಹೇಳಿದ್ರಪ್ಪ,” ಎಂದು ಗುಮಾಸ್ತೆ ಅನುಮಾನದಿಂದ ನೋಡಿದಳು. ಆಚೆ ನಿಂತದ್ದು ತಾನಲ್ಲದೆ ಬೇರೆ ಯಾರೇ ಆಗಿದ್ದರೂ ಕಿಟಕಿಯಮ್ಮ ಆ ಗುಮಾಸ್ತೆಗೆ ಶಹಬ್ಬಾಸ್ ಅನ್ನುತ್ತಿದ್ದಳು. ತಾನೂ ಹೀಗೇ ಎಷ್ಟು ಜನರನ್ನು ನಗುನಗ್ತಾ ವಾಪಸ್ ಕಳಿಸಿಲ್ಲ?

ಕೊನೆಗೆ ಮುಖ್ಯೋಪಾಧ್ಯಾಯಿನಿ ಹುಡುಗಿಯನ್ನೇ ಕರೆಸಿದರು. ಗಿರಗಿಟ್ಲೆ ಮೆಟ್ಟಿಲ ಮೇಲೆ ಅಮ್ಮನನ್ನು ಕಂಡದ್ದೇ ಮುಖ ಬಿಳಿಚಿಕೊಂಡು, “ಅಮ್ಮಾ, ಬೈಬೇಡ, ಬ್ಯಾಗು ಬಸ್ಸಲ್ಲಿ...” ಎಂದು ಅಳಲು ಶುರು ಮಾಡಿದಳು. ಬ್ಯಾಗಿಗಾಗಿ ಅಳುತ್ತಿದ್ದ ಮಗಳನ್ನು ಅವಳು ಉಸಿರು ಕಟ್ಟುವಷ್ಟು ಗಟ್ಟಿಯಾಗಿ ಅಪ್ಪಿಕೊಂಡಳು.

ಮೂರು ಗಂಟೆಗೆ ಗೇಟಿನ ಬಳಿ ಪೊಲೀಸರು ಕಾದರು. ಯಾರೂ ಬರಲಿಲ್ಲ. ನಿಲ್ದಾಣದ ಕ್ಯಾಮೆರಾದಲ್ಲಿ ಬೆನ್ನು ಸಿಕ್ಕಿತು, ತುರುಬು ಸಿಕ್ಕಿತು, ಮುಖ ಸಿಗಲಿಲ್ಲ. ಫೋನ್ ಬಂದ ನಂಬರು ಸತ್ತಿತ್ತು.

ಸಂಜೆ ಬೀಗದವನು ಬಂದು ಬಾಗಿಲಿಗೆ ಹೊಸ ಬೀಗ ಹಾಕಿ ಹೋದ ಮೇಲೆ, ಅಮ್ಮ ಮಗಳು ಊಟದ ಮೇಜಿನ ಎದುರುಬದುರು ಕೂತರು. ಬೈಗುಳ ಬರುತ್ತದೆಂದು ಹುಡುಗಿ ಕತ್ತು ಒಳಗೆಳೆದುಕೊಂಡಿದ್ದಳು. ಅಮ್ಮ ಕಚೇರಿಯಿಂದ ತಂದ ಖಾಲಿ ನೋಟಿಸು ಮುಂದಿಟ್ಟಳು. ಬೋರ್ಡಿಗೆ ಹಾಕುವಂಥದ್ದು.

“ಬರಿ. ನೀನೇ ಕಳೆದುಹೋದ ವಸ್ತು ಅಂದ್ಕೋ. ಊರಿಗೆಲ್ಲ ಕಾಣೋ ಹಾಗೆ ಏನೇನು ಹಾಕಿದ್ದೀಯ, ಎಲ್ಲಾ ಬರಿ.”

“ಎಲ್ಲಾ ಸಣ್ಣಸಣ್ಣದ್ದಮ್ಮಾ. ಒಟ್ಟಿಗೆ ಯಾವತ್ತೂ ಹಾಕಿಲ್ಲ, ಒಂದೊಂದೇ ಹಾಕಿದ್ದು.”

“ಬರಿ.”

ಬರೆದಳು. ಹಸಿರು ದಾರ: ‘ನಮ್ಮಮ್ಮನ ಫ್ಯಾಷನ್’ ಅಂತ ಒಂದು ವಿಡಿಯೋ. ಒಂಬತ್ತನೇ ನಂಬರ್ ಬಸ್ಸು: ದಿನಾ ಕಿಟಕಿಯಿಂದ ತೆಗೆಯುವ ಫೋಟೋ. ಬೆಕ್ಕಿನ ಡಬ್ಬ. ‘ಮನೇಲಿ ನಿನ್ನ ಏನಂತ ಕರೀತಾರೆ, ಹೇಳು ನೋಡೋಣ’ ಎಂಬ ಆಟ. ಹನ್ನೊಂದು ಮಾರ್ಕು ಹೇಳಿದ್ದು ಒಬ್ಬಳೇ ಗೆಳತಿಗೆ. ನೆಟ್ಟಲ್ಲಿ ಸಿಕ್ಕ ಆರು ತಿಂಗಳ ಗೆಳತಿ, ಅವಳಿಗೂ ಹದಿಮೂರು, ಅವಳಿಗೂ ಗಣಿತ ಅಂದ್ರೆ ಆಗಲ್ಲ. ಬೆಳಗ್ಗೆ ಬಸ್ಸಿಳಿದ ತಕ್ಷಣ ಅವಳಿಗೇ ಬರೆದದ್ದು: ಬ್ಯಾಗು ಹೋಯ್ತು, ಕೀ ಅದ್ರಲ್ಲೇ ಇದೆ, ಅಮ್ಮನಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು.

“ಅವಳನ್ನ ನೋಡಿದ್ದೀಯಾ?”

“ಕ್ಯಾಮೆರಾ ಒಡೆದುಹೋಗಿದೆ ಅಂದಿದ್ಲು.” ಹುಡುಗಿ ಪೆನ್ನಿನ ತುದಿ ಕಚ್ಚಿದಳು. “ಅಮ್ಮಾ, ಅವಳು ಮಧ್ಯಾಹ್ನದಿಂದ ಇಲ್ಲವೇ ಇಲ್ಲ. ಅವಳ ಅಕೌಂಟೇ ಇಲ್ಲ.”

ಆಮೇಲೆ ಗಿರಗಿಟ್ಲೆ ನೋಟಿಸಿನ ಮೇಲೆ ಬೆರಳಾಡಿಸುತ್ತಾ ಮೆಲ್ಲಗೆ ಅಂದಳು. “ಆದ್ರೆ ಕಡಲೆಕಾಯಿ ವಿಷಯ ನಾನು ಹಾಕಿಲ್ಲ. ಹುಟ್ಟಿದ ದಿನ ಹಾಕಿಲ್ಲ. ಮನೆ ನಂಬರೂ ನಾನು ಹಾಕಿಲ್ಲ.”

“ಮತ್ತೆ?”

ಮಗಳು ಅಮ್ಮನ ಫೋನನ್ನೇ ತಿರುಗಿಸಿ ತೋರಿಸಿದಳು. ‘ನಮ್ಮ ಗಿರಗಿಟ್ಲೆಗೆ ಇಂದು ಹದಿಮೂರು.’ ಊದಿದ ತುಟಿಯ ಫೋಟೋ, ಕೆಳಗೆ ‘ಕಡಲೆಕಾಯಿ ತಿಂದರೆ ಹೀಗಾಗುತ್ತೆ ನೋಡಿ ನಮ್ಮ ರಾಣಿ.’ ಹೊಸ ಮನೆಗೆ ಬಂದ ದಿನ ಬಾಗಿಲ ಮುಂದೆ ಮಗಳು, ಅವಳ ತಲೆಯ ಪಕ್ಕದಲ್ಲೇ ಮನೆ ನಂಬರು, ಹೊಳೆಯುವ ಹಿತ್ತಾಳೆಯದು. ಯಾವ ಫೋಟೋದಲ್ಲೂ ಅಮ್ಮ ಇರಲಿಲ್ಲ. ತೆಗೆದವಳು ಅವಳೇ. ಎಣಿಸಿದರೆ ನಲವತ್ತೊಂದು. ಕಂಡವರ ಛತ್ರಿಯ ಸೀಳನ್ನು ಬಾಯಿಬಿಡದೆ ಕಾದವಳು, ಹೆತ್ತ ಮಗಳ ಗುರುತನ್ನೆಲ್ಲ ಒಂದೊಂದಾಗಿ, ಅಕ್ಕರೆಯಿಂದ, ಬೋರ್ಡಿಗೆ ಅಂಟಿಸಿದ್ದಳು.

“ಬೈಯೋದಿದ್ರೆ ಈಗ ನೀನೇ ನನ್ನ ಬೈಬೇಕು,” ಎಂದಳು.

“ಆಮೇಲೆ ಬೈತೀನಿ. ಮೊದ್ಲು ಅಳಿಸು.”

ಅಳಿಸಿದರು. ಒಬ್ಬರ ಫೋನು ಇನ್ನೊಬ್ಬರು ಹಿಡಿದು ಅಳಿಸಿದರು. ಅಳಿಸಿದ್ದೆಲ್ಲ ನಿಜಕ್ಕೂ ಅಳಿಯಿತೇ ಎಂದು ಮಗಳು ಕೇಳಿದಾಗ ಅಮ್ಮ ಮುಂದಿನದನ್ನು ಒತ್ತಿ ಅಳಿಸಿದಳು.

“ವಿಮಾನ ನಿಲ್ದಾಣ ಯಾಕೆ?” ಎಂದಳು ಕೊನೆಗೆ.

ಹುಡುಗಿ ಮೇಜಿನ ಗೀರನ್ನೇ ನೋಡುತ್ತಿದ್ದಳು. “ಎಲ್ಲರ ಅಮ್ಮಂದಿರೂ ಏನೇನೋ... ಸಾರಿ ಅಮ್ಮ.”

“ಇರಲಿ ಬಿಡು. ನೀನು ಮುಚ್ಚಿಟ್ಟಿದ್ದು ಅದೊಂದೇ, ಕೀ ಉಳಿಸಿದ್ದೂ ಅದೇ. ಆದ್ರೆ ಈಗ ಅದೂ ಅವಳಿಗೆ ಗೊತ್ತಾಗಿದೆ. ಇನ್ನು ಅದು ಒಳಗುರುತಲ್ಲ. ಹೊಸದು ಬೇಕು.”

“ಎಲ್ಲಿ ಬರೆಯೋಣ?”

“ಬರೆಯೋದಲ್ಲ ಕಣೇ.”

ಮಗಳಿಗೆ ಎರಡು ವರ್ಷವಿದ್ದಾಗ ನಾಲಿಗೆ ಹೊರಳದೆ ಒಂದು ಪದವನ್ನು ತಿರುಚಿ ಹೇಳುತ್ತಿದ್ದಳು. ಆಗ ಮನೆಯಲ್ಲಿದ್ದ ಫೋನಿಗೆ ಕ್ಯಾಮೆರಾ ಇರಲಿಲ್ಲ. ಯಾರೂ ಅದನ್ನು ಹಿಡಿದಿಟ್ಟಿಲ್ಲ. ಅಮ್ಮ ಎದ್ದು, ಇಬ್ಬರ ಫೋನನ್ನೂ ಅಡುಗೆಮನೆಯ ಡಬ್ಬದಲ್ಲಿ ಹಾಕಿ ಮುಚ್ಚಿ ಬಂದು, ಅದನ್ನು ಮಗಳ ಕಿವಿಯಲ್ಲಿ ಹೇಳಿದಳು. ಗಿರಗಿಟ್ಲೆ ಆ ದಿನ ಮೊದಲ ಸಲ ನಕ್ಕಳು. “ಛೀ, ನಾನು ಹಾಗಂತಿದ್ನಾ?”

ಮರುವಾರ ಶಾಲೆಯವರೇ ಕಿಟಕಿಯಮ್ಮನನ್ನು ಮಾತಾಡಲು ಕರೆದರು. ಅವಳಿಗೆ ಭಾಷಣ ಬಾರದು. ಏಳು ಕಪ್ಪು ಛತ್ರಿ ಹೊತ್ತು ಹೋಗಿ ಮೇಜಿನ ಮೇಲೆ ಸುರಿದು, ಒಳಗುರುತಿನ ಆಟ ಆಡಿಸಿದಳು. ಮಕ್ಕಳು ಗಲಾಟೆ ಮಾಡಿಕೊಂಡೇ ತಮ್ಮತಮ್ಮ ನೋಟಿಸು ಬರೆದರು. ಬರೆಯುತ್ತಾ ಬರೆಯುತ್ತಾ ಕೋಣೆ ತಣ್ಣಗಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಮೇಡಂ, ಬಚ್ಚಿಡೋಕೆ ನಂದು ಏನೂ ಉಳಿದಿಲ್ಲ,” ಎಂದ. ಕೊನೆಗೆ ಗಿರಗಿಟ್ಲೆ ಎದ್ದು ನಿಂತು, ಯಾರೂ ಕೇಳದಿದ್ದರೂ, “ಇವರು ನಮ್ಮಮ್ಮ,” ಎಂದು ಕೂತಳು.

ಆ ಮಂಗಳವಾರದಿಂದ ಹನ್ನೊಂದನೇ ದಿನ ಮಧ್ಯಾಹ್ನ, ಎರಡೂ ನಲವತ್ತಕ್ಕೆ, ಕಚೇರಿಯ ಫೋನು ಬಡಿಯಿತು.

“ಅಮ್ಮಾ, ನಾನು. ಶಾಲೆ ಬೇಗ ಬಿಟ್ರು. ಆ ದೊಡ್ಡ ಅಂಗಡಿ ಹತ್ರ ನಿಂತಿದ್ದೀನಿ, ಬೇಗ ಬಾ.”

ಮಗಳದೇ ದನಿ. ‘ಬೇಗ’ ಎನ್ನುವಾಗ ಮೂಗಲ್ಲಿ ಎಳೆಯುವ ರೀತಿಯೂ ಅದೇ. ಕಿಟಕಿಯಮ್ಮ ಆಗಲೇ ಅರ್ಧ ಎದ್ದಿದ್ದಳು. ಕೈ ಚೀಲಕ್ಕೆ ಹೋಗಿತ್ತು. ನಿಂತಳು.

“ಹೇಳು,” ಎಂದಳು.

“ಏನು ಹೇಳ್ಲಿ? ಬಾ ಅಮ್ಮಾ, ಭಯ ಆಗ್ತಿದೆ.”

ಮಗಳ ದನಿಯಲ್ಲಿ ಭಯ ಕೇಳಿದರೆ ಯಾವ ತಾಯಿ ನಿಂತಾಳು? ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. “ನಮ್ಮ ಮಾತು ಹೇಳು, ಬರ್ತೀನಿ.”

ಆ ಕಡೆ ಉಸಿರು ಕೇಳಿಸುತ್ತಿತ್ತು. ಅದು ಅವಸರವಿಲ್ಲದ, ಅಚ್ಚುಕಟ್ಟಾದ ಉಸಿರು. ಅದು ಇವಳ ಉಸಿರನ್ನು ಕೇಳಿಸಿಕೊಳ್ಳುತ್ತಿತ್ತು. ಆಮೇಲೆ ಮಗಳದೇ ದನಿಯಲ್ಲಿ ಒಂದು ಸಣ್ಣ ನಗೆ, ಫೋನು ಕಟ್ಟಾಯಿತು.

ಅವಳು ಶಾಲೆಗೆ ಫೋನ್ ಹಚ್ಚಿದಳು. ಗುಮಾಸ್ತೆ ಹೋಗಿ ನೋಡಿ ಬಂದು, “ಗಣಿತದ ಕ್ಲಾಸಲ್ಲಿ ಕೂತಿದ್ದಾಳೆ, ಆಕಳಿಸ್ತಿದ್ದಾಳೆ,” ಎಂದಳು. ಮಗಳ ವಿಡಿಯೋಗಳಿಂದಲೇ ದನಿ ಕದ್ದು ನಕಲು ಮಾಡಿರಬೇಕೆಂದು ಸೀಲುಮಾಮ ಪೊಲೀಸರಿಗೆ ಹೇಳಿ, ಕರೆ ಬಂದ ಹೊತ್ತು, ನಂಬರು ಬರೆಸಿದರು. ಕಿಟಕಿಯಮ್ಮ ಕೂತಳು. ಮೂರೂವರೆಗೆ ಫೋನು ಮತ್ತೆ ಬಡಿಯಿತು.

ಎತ್ತಿ ಕಿವಿಗಿಟ್ಟಳು. ಕಾದಳು. ಆ ಕಡೆಯಿಂದ, ಅಮ್ಮಾ ಎನ್ನುವುದಕ್ಕೂ ಮೊದಲು, ಸಿಡುಕಿನ ದನಿಯಲ್ಲಿ, ಎರಡು ವರ್ಷದ ಮಗುವಿನ ಆ ತಿರುಚಿದ ಪದ ಬಂತು.

“ಮನೆಗೆ ಬಂದೆ. ಬಾಗಿಲು ಹಾಕ್ಕೊಂಡೆ. ಸಾಕಾ?”

“ಸಾಕು,” ಎಂದಳು ಕಿಟಕಿಯಮ್ಮ.

ಹೊರಗೆ ಯಾರೋ ಛತ್ರಿ ಕೇಳಿಕೊಂಡು ಬಂದು ನಿಂತಿದ್ದರು. ಅವಳು ಕಣ್ಣೊರೆಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು, “ಯಾವ ಬಣ್ಣ?” ಎಂದಳು. ಆ ಪದ ಕಚೇರಿಯ ಯಾವ ಪುಸ್ತಕದಲ್ಲೂ ಇಲ್ಲ. ಈ ಕತೆಯಲ್ಲೂ ಇಲ್ಲ.